ಕಾಡ್ಗಿಚ್ಚು: ಯಾರ ಪಾಲೆಷ್ಟು?

(ಚಿಕ್ಕಜಾಲದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಕಾಡಿಲ್ಲದ ಊರಿನಲ್ಲಿ ಕಾಡ್ಗಿಚ್ಚಿನ ಮಾತೇಕೆ ಎಂದು ಕೆಲವರಿಗಾದರೂ ಅನ್ನಿಸಿರಬೇಕು. ನಮ್ಮ ಸುತ್ತ ಉಳಿದಿರುವುದು ಯಲಹಂಕದ ಜಾರಕಬಂಡೆ ಕಾವಲು, ಉತ್ತರಕ್ಕೆ ನಂದಿ ಬೆಟ್ಟದ ಸಾಲು, ಅಷ್ಟೇ. ಆದರೂ ಈ ವಿಷಯ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಪ್ರತಿ ಬೇಸಗೆಯಲ್ಲೂ ಎಲ್ಲೋ ಕಾಡು ಹೊತ್ತಿಕೊಂಡ ಸುದ್ದಿ ಬಂದಾಗ ಎರಡು ಮಾತು ಕೇಳುತ್ತೇವೆ. "ಎಲ್ಲ ಹವಾಮಾನ ಬದಲಾವಣೆಯ ಪ್ರಭಾವ" ಎನ್ನುವವರು ಒಂದು ಕಡೆ. "ಬೇಸಗೆಯಲ್ಲಿ ಕಾಡು ಉರಿಯುವುದು ಇದ್ದದ್ದೇ, ಮಳೆ ಬಿದ್ದರೆ ಸರಿಹೋಗುತ್ತದೆ" ಎನ್ನುವವರು ಇನ್ನೊಂದು ಕಡೆ. ಎರಡೂ ಮಾತು ಆಡುವವರಿಗೆ ಅನುಕೂಲಕರ. ಮೊದಲನೆಯದರಲ್ಲಿ ತಪ್ಪು ಇಡೀ ಲೋಕದ್ದು, ಎರಡನೆಯದರಲ್ಲಿ ದೇವರದ್ದು. ನಡುವೆ ನಮ್ಮ ಪಾಲು ಸದ್ದಿಲ್ಲದೆ ಜಾರಿಹೋಗುತ್ತದೆ. ಆ ಪಾಲನ್ನು ಹುಡುಕಿ ತೆಗೆದು ನಿಮ್ಮ ಮುಂದಿಡುವುದು ಇವತ್ತಿನ ನನ್ನ ಕೆಲಸ.

1. ಒಂದೇ ದಿನ, ಎರಡು ಬೆಂಕಿ

2019ರ ಫೆಬ್ರವರಿ 23, ಶನಿವಾರ. ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನಡೆಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಐದನೇ ಗೇಟಿನ ಬಳಿ, ವಾಹನ ನಿಲ್ಲಿಸಲು ಬಿಟ್ಟಿದ್ದ ಬಯಲಿನ ಒಣಹುಲ್ಲಿಗೆ ಬೆಂಕಿ ತಗುಲಿತು. ಗಾಳಿ ಬೀಸುತ್ತಿತ್ತು. ನೋಡನೋಡುತ್ತಿದ್ದಂತೆ ಸುಮಾರು 300 ಕಾರುಗಳು ಸುಟ್ಟು ಕರಕಲಾದವು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಆ ಕಪ್ಪು ಹೊಗೆಯನ್ನು ಈ ಸಭೆಯಲ್ಲಿರುವ ಕೆಲವರು ಕಣ್ಣಾರೆ ಕಂಡಿರಬಹುದು.

ಅದೇ ದಿನ ಬಂಡೀಪುರದ ಕಾಡೂ ಉರಿಯುತ್ತಿತ್ತು. ಫೆಬ್ರವರಿ 21ರ ಸುಮಾರಿಗೆ ಶುರುವಾದ ಬೆಂಕಿ ಕುಂದಕೆರೆ, ಗೋಪಾಲಸ್ವಾಮಿ ಬೆಟ್ಟದ ವಲಯಗಳನ್ನು ಆವರಿಸಿಕೊಂಡಿತ್ತು. ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿಯುತ್ತಿದ್ದ ಸಿಬ್ಬಂದಿಯಿಂದಾಗಲಿ, ಬೇರೆ ಬೇರೆ ಊರುಗಳಿಂದ ಓಡಿಬಂದ ಸ್ವಯಂಸೇವಕರಿಂದಾಗಲಿ ಅದು ಹತೋಟಿಗೆ ಬರಲಿಲ್ಲ. 25ರಂದು ವಾಯುಪಡೆಯ ಹೆಲಿಕಾಪ್ಟರ್‌ಗಳು ದೊಡ್ಡ ಬಕೆಟ್‌ಗಳಲ್ಲಿ ನೀರು ತಂದು ಮೇಲಿಂದ ಸುರಿದವು. ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಉಪಗ್ರಹ ಚಿತ್ರಗಳನ್ನು ಇಟ್ಟುಕೊಂಡು ಹಾಕಿದ ಲೆಕ್ಕದ ಪ್ರಕಾರ ಸುಟ್ಟುಹೋದದ್ದು ಸುಮಾರು 4,400 ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ 11,000 ಎಕರೆ.

ಯಲಹಂಕದ ಬೆಂಕಿಯನ್ನು ನಾವು ನಿರ್ಲಕ್ಷ್ಯ ಎಂದೆವು. ಹುಲ್ಲು ಕೊಯ್ಯಿಸಿರಲಿಲ್ಲವೇ, ಅಗ್ನಿಶಾಮಕ ವಾಹನ ಎಲ್ಲಿತ್ತು, ಯಾರಾದರೂ ಸಿಗರೇಟು ಎಸೆದರೇ, ಬಿಸಿ ಸೈಲೆನ್ಸರ್ ಹುಲ್ಲಿಗೆ ತಾಗಿತೇ ಎಂದೆಲ್ಲ ಕೇಳಿದೆವು. ಬಂಡೀಪುರದ ಬೆಂಕಿಗೆ ಬಂದಾಗ ಮಾತು ಬೇಗನೆ ಭೂಮಿಯ ತಾಪದ ಕಡೆಗೋ ವಿಧಿಯ ಕಡೆಗೋ ತಿರುಗಿತು. ಆದರೆ ಎರಡೂ ಕಡೆ ಇದ್ದದ್ದು ಅದೇ ಮಾಘದ ಬಿಸಿಲು, ಅದೇ ಒಣಗಾಳಿ. ಒಂದಕ್ಕೆ ಕೇಳಿದ ಪ್ರಶ್ನೆಯನ್ನು ಇನ್ನೊಂದಕ್ಕೂ ಕೇಳಬೇಕಲ್ಲವೇ? ಯಾವ ಬೆಂಕಿಯಾದರೂ ಸರಿ, ಕೇಳಬೇಕಾದದ್ದು ಮೂರು: ಕಿಡಿ ಎಲ್ಲಿಂದ ಬಂತು? ಉರಿದದ್ದು ಏನು? ಅದು ಅಷ್ಟು ಒಣಗಿದ್ದು ಹೇಗೆ?

2. ಕಿಡಿ

ಕೆನಡಾದ ಉತ್ತರದ ಕಾಡುಗಳಲ್ಲಿ ಸುಟ್ಟುಹೋಗುವ ನೆಲದ ಬಹುಪಾಲು ಸಿಡಿಲಿನ ಬೆಂಕಿಯದು. ಅಲ್ಲಿ ಮಳೆಯಿಲ್ಲದ ಒಣ ಸಿಡಿಲು ಬೀಳುತ್ತದೆ. ನಮ್ಮಲ್ಲಿ ಹಾಗಲ್ಲ. ಮೈಸೂರು ಸೀಮೆಯ ಕಾಡು ಹೆಚ್ಚಾಗಿ ಉರಿಯುವುದು ಫೆಬ್ರವರಿ, ಮಾರ್ಚ್‌ನಲ್ಲಿ, ಆಕಾಶದಲ್ಲಿ ಒಂದು ತುಣುಕು ಮೋಡವೂ ಇಲ್ಲದ ದಿನಗಳಲ್ಲಿ. ಗುಡುಗು ಸಿಡಿಲು ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ಬರುವಾಗ ಮಳೆಯನ್ನೂ ಕರೆತರುತ್ತದೆ. ಬಿದಿರಿಗೆ ಬಿದಿರು ಉಜ್ಜಿ ಕಾಡು ಹೊತ್ತಿಕೊಳ್ಳುತ್ತದೆ ಎಂಬ ಮಾತನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಅದರ ಆಸರೆಯಲ್ಲಿ ಹನ್ನೊಂದು ಸಾವಿರ ಎಕರೆಯ ಲೆಕ್ಕ ಹೊಂದಿಸಲಾಗದು.

ಉಳಿಯುವುದು ಮನುಷ್ಯನ ಕೈ. ಮುಂದಿನ ಮಳೆಗೆ ಎಳೆ ಹುಲ್ಲು ಚಿಗುರಲೆಂದು ಹಚ್ಚುವವರಿದ್ದಾರೆ. ಕಾಡಿನ ಕಾಯಿ ಆಯಲು, ಉದುರಿದ ಜಿಂಕೆ ಕೊಂಬು ಹುಡುಕಲು ನೆಲ ಕಾಣಲಿ ಎಂದು ಹಚ್ಚುವವರಿದ್ದಾರೆ. ಕಳ್ಳಬೇಟೆಯವರಿದ್ದಾರೆ, ಬೀಡಿ ಎಸೆಯುವವರಿದ್ದಾರೆ, ಕಾಡಂಚಿನ ಹೊಲದ ಕಸಕ್ಕೆ ಬೆಂಕಿಯಿಟ್ಟು ಮನೆಗೆ ಹೋಗುವವರಿದ್ದಾರೆ. ಇಲಾಖೆಯ ಮೇಲಿನ ಸಿಟ್ಟಿಗೆ ಹಚ್ಚುವವರೂ ಇದ್ದಾರೆ. ಬಂಡೀಪುರದ ಆ ಬೆಂಕಿಯೂ ಮನುಷ್ಯರು ಹಚ್ಚಿದ್ದೇ ಎಂದು ಅರಣ್ಯ ಇಲಾಖೆ ಹೇಳಿತು. ದನಗಳ ಮೇಲೆ ಬೀಳುವ ಹುಲಿಯನ್ನು ಓಡಿಸಲು ಬೆಂಕಿಯಿಟ್ಟರೆಂಬ ಆರೋಪದ ಮೇಲೆ ಬಂಧನವೂ ಆಯಿತು. ಅಭಯಾರಣ್ಯಕ್ಕೆ ಬೆಂಕಿ ಹಚ್ಚುವುದನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮು ನಿಷೇಧಿಸುತ್ತದೆ. ಆದರೆ ದನ ಕಳೆದುಕೊಂಡವನ ಕೈಗೆ ಪರಿಹಾರ ಬರುವುದಕ್ಕಿಂತ ಬೆಂಕಿಪೊಟ್ಟಣ ಬೇಗ ಸಿಗುವಾಗ ಕಲಮು ಒಂದರಿಂದಲೇ ಕಾಡು ಉಳಿಯುವುದಿಲ್ಲ.

ಇಷ್ಟರಮಟ್ಟಿಗೆ ಉತ್ತರ ಸ್ಪಷ್ಟ. ಕಿಡಿಯ ಲೆಕ್ಕದಲ್ಲಿ ಹವಾಮಾನ ಬದಲಾವಣೆಗೂ ಪಾಲಿಲ್ಲ, ಪ್ರಕೃತಿಯ ಏರಿಳಿತಕ್ಕೂ ಪಾಲಿಲ್ಲ. ಅದು ಪೂರ್ತಿ ನಮ್ಮದು. ಅದರ ಬೆಲೆ ತೆತ್ತವರೂ ನಮ್ಮವರೇ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಬೆಂಕಿಯನ್ನು ಆರಿಸಲು ಹೋದ ಅರಣ್ಯ ರಕ್ಷಕ ಮುರುಗೆಪ್ಪ ಅದರಲ್ಲೇ ಸಿಲುಕಿ ತೀರಿಕೊಂಡರು. 2018ರ ಮಾರ್ಚ್‌ನಲ್ಲಿ ನಾಗರಹೊಳೆಯ ನಿರ್ದೇಶಕರಾಗಿದ್ದ ಮಣಿಕಂಡನ್, ಬೆಂಕಿ ಬಿದ್ದ ಜಾಗ ನೋಡಲು ಹೋದಾಗ ಆನೆಯ ದಾಳಿಗೆ ಬಲಿಯಾದರು.

3. ಉರುವಲು

ಕಿಡಿ ಇದ್ದಮಾತ್ರಕ್ಕೆ ಕಾಡು ಉರಿಯುವುದಿಲ್ಲ. ಈ ಕಾಡುಗಳಲ್ಲಿ ನೂರಾರು ವರ್ಷಗಳಿಂದ ಜನ ಕಿಡಿ ಹಾಕುತ್ತಲೇ ಬಂದಿದ್ದಾರೆ. ಕೆಲವರು ಬಹಳ ತಿಳಿದು, ಲೆಕ್ಕ ಹಾಕಿ ಹಾಕುತ್ತಿದ್ದರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ತರಗುಬೆಂಕಿಯನ್ನು ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡಬೇಕು.

ಚಳಿ ಇನ್ನೂ ಪೂರ್ತಿ ಬಿಟ್ಟಿರದ ಜನವರಿಯ ಹೊತ್ತು. ಮರಗಳು ಎಲೆ ಉದುರಿಸಲು ತೊಡಗಿರುತ್ತವೆ, ನೆಲದ ಮೇಲೆ ತರಗು ತೆಳ್ಳಗೆ ಹರಡಿರುತ್ತದೆ. ಅಡಿಯ ಮಣ್ಣಿನಲ್ಲಿ ಇನ್ನೂ ಪಸೆ ಇರುತ್ತದೆ. ಆಗ ಇಟ್ಟ ಬೆಂಕಿ ಮೊಣಕಾಲು ಮಟ್ಟಕ್ಕಿಂತ ಮೇಲೇಳುವುದು ಕಷ್ಟ. ತರಗನ್ನೂ ಒಣಹುಲ್ಲನ್ನೂ ಮೇಯುತ್ತ ಮುಂದೆ ಸಾಗುತ್ತದೆ, ದೊಡ್ಡ ಮರದ ತೊಗಟೆಯನ್ನು ಒಳಗೆ ಇಳಿಯುವಷ್ಟು ಸುಡುವುದಿಲ್ಲ. ರಾತ್ರಿ ಇಬ್ಬನಿ ಬಿದ್ದರೆ ಎಷ್ಟೋ ಕಡೆ ತಾನಾಗಿ ಕಂದುತ್ತದೆ. ಹೀಗೆ ಅಲ್ಲಲ್ಲಿ ಸುಟ್ಟ ತುಂಡುಗಳಿರುವ ಕಾಡಿಗೆ ಮಾರ್ಚ್‌ನಲ್ಲಿ ಆಕಸ್ಮಿಕ ಬೆಂಕಿ ಬಿದ್ದರೂ ಅದಕ್ಕೆ ಹರಡಲು ದಾರಿ ಸಿಗುವುದಿಲ್ಲ. ನೆಲ್ಲಿ ಮರಕ್ಕೆ ಹತ್ತುವ ಬಂದಳಿಕೆಯನ್ನು ಸೋಲಿಗರು ಉಪ್ಪಿಲು ಎನ್ನುತ್ತಾರೆ. ತರಗುಬೆಂಕಿ ಇದ್ದಾಗ ಉಪ್ಪಿಲೂ ಲಂಟಾನವೂ ಹದ್ದುಬಸ್ತಿನಲ್ಲಿದ್ದವು ಎಂಬುದು ಅವರ ಹಿರಿಯರ ಮಾತು.

1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ತರಗುಬೆಂಕಿ ಅಪರಾಧವಾಯಿತು. ಬೆಂಕಿಯೆಂದರೆ ಕಾಡಿನ ಶತ್ರು ಎಂಬುದು ಬ್ರಿಟಿಷರ ಕಾಲದ ಅರಣ್ಯಶಾಸ್ತ್ರ ನಮಗೆ ಕಲಿಸಿದ ಪಾಠ. ಸ್ವಾತಂತ್ರ್ಯ ಬಂದ ಮೇಲೂ ಅದನ್ನು ಬಿಡದೆ ಒಪ್ಪಿಸಿದೆವು. ಆಮೇಲೆ ಏನಾಯಿತು? ಈ ಬೆಟ್ಟದ ಕಾಡನ್ನು ಅಳೆದ ಸಂಶೋಧಕರಿಗೆ 1997ರಲ್ಲಿ ನೂರು ತುಂಡು ನೆಲಕ್ಕೆ ಸುಮಾರು 40ರಲ್ಲಿ ಲಂಟಾನ ಕಂಡಿತ್ತು. 2008ರಲ್ಲಿ ಅದೇ ಜಾಗಗಳಿಗೆ ಮರಳಿ ಹೋದಾಗ ಅದು 80ರ ಆಸುಪಾಸಿಗೆ ಏರಿತ್ತು. ಆ ಕೆಲಸ ಮಾಡಿದವರು ಭರತ್ ಸುಂದರಂ ಮತ್ತು ಅಂಕಿಲ ಹಿರೇಮಠ.

ಲಂಟಾನ ನಮ್ಮ ಗಿಡವಲ್ಲ. ಅಮೆರಿಕದ ಉಷ್ಣವಲಯದಿಂದ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಹೂವಿನ ಚೆಂದಕ್ಕೆಂದು ಕಲ್ಕತ್ತೆಯ ತೋಟಕ್ಕೆ ಬಂದದ್ದು ದೇಶವನ್ನೇ ಹಬ್ಬಿತು. ಬಂಡೀಪುರದಲ್ಲಿ ಆಳೆತ್ತರದ ಮೆಳೆಯಾಗಿ, ಒಂದಕ್ಕೊಂದು ಹೆಣೆದುಕೊಂಡು ನಿಂತಿದೆ. ಬೇಸಗೆಯಲ್ಲಿ ಅದರ ಕಡ್ಡಿ ಒಣಗಿ ಪುರಲೆಯಾಗುತ್ತದೆ. ನೆಲದ ಬೆಂಕಿ ಅದನ್ನೇರಿ ಮರದ ಕೊಂಬೆಯವರೆಗೆ ಹೋಗುತ್ತದೆ. ಸುಟ್ಟ ನೆಲಕ್ಕೆ ಮಳೆ ಬಿದ್ದೊಡನೆ ಬುಡದಿಂದ ಮೊದಲು ಚಿಗುರುವುದೂ ಅದೇ. ಬೆಂಕಿಯನ್ನು ಪೂರ್ತಿ ನಿಲ್ಲಿಸಿದರೂ ಬೆಳೆಯುತ್ತದೆ, ದೊಡ್ಡ ಬೆಂಕಿ ಬಿದ್ದರೂ ಬೆಳೆಯುತ್ತದೆ. ಮೊಣಕಾಲುದ್ದದ ಬೆಂಕಿಯ ಕಾಲ ಮುಗಿದ ಕಾಡಿನಲ್ಲಿ ಈಗ ಹಳೆಯ ತರಗುಬೆಂಕಿಯನ್ನು ಹಾಗೆಯೇ ಮರಳಿ ತರುವುದು ಕೂಡ ಅಪಾಯ. ಮೆಳೆ ಕಿತ್ತ ಮೇಲಷ್ಟೇ ಅದರ ಮಾತು.

ಬಂಡೀಪುರಕ್ಕೆ ತಾಗಿಕೊಂಡ ಮುದುಮಲೆಯ ಹಳೆಯ ದಾಖಲೆಗಳನ್ನು ಪರಿಸರ ವಿಜ್ಞಾನಿ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಕೆದಕಿ ನೋಡಿದ್ದಾರೆ. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿ ಒಂದು ಜಾಗಕ್ಕೆ ಸರಾಸರಿ ಹತ್ತು ವರ್ಷಕ್ಕೊಮ್ಮೆ ಬೆಂಕಿ ಬೀಳುತ್ತಿತ್ತು. ಶತಮಾನ ಮುಗಿಯುವ ಹೊತ್ತಿಗೆ ಅದು ಮೂರು ವರ್ಷ ಚಿಲ್ಲರೆಗೆ ಒಮ್ಮೆ ಆಗಿತ್ತು. ಇಷ್ಟು ದೊಡ್ಡ ವ್ಯತ್ಯಾಸವನ್ನು ತಾಪಮಾನ ಒಂದರಿಂದಲೇ ವಿವರಿಸಲು ಬರುವುದಿಲ್ಲ. ಕಾಡಂಚಿನ ಜನಸಂಖ್ಯೆ, ರಸ್ತೆ, ದನ, ಮೆಳೆ, ನೀತಿ, ಎಲ್ಲವೂ ಅದರೊಳಗಿವೆ.

4. ಒಣಗು

ಮೂರನೆಯ ಪ್ರಶ್ನೆಗೆ ಬಂದಾಗಲೇ ಹವೆಯ ಮಾತು ಬರುವುದು. ಇಲ್ಲಿ ಪ್ರಕೃತಿಯ ಏರಿಳಿತದ ಕಡೆಯವರು ಹೇಳುವುದರಲ್ಲಿ ನಿಜವಿದೆ. 1876ರಿಂದ 78ರವರೆಗಿನ ಧಾತು ಈಶ್ವರ ಬರ ಮೈಸೂರು ಸಂಸ್ಥಾನವನ್ನು ನುಂಗಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ಕ್ಕೆ 42 ಲಕ್ಷದ ಆಸುಪಾಸಿಗೆ ಇಳಿಯಿತು. ಆಗ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇದ್ದದ್ದು ದಶಲಕ್ಷಕ್ಕೆ ಸುಮಾರು 290 ಭಾಗ. ಈಗ 420 ದಾಟಿದೆ. ಪೆಸಿಫಿಕ್ ಸಾಗರದ ಎಲ್ ನಿನೊ ಯಾರ ಹೊಗೆ ಕೊಳವೆಗೂ ಕಾಯದೆ ನಮ್ಮ ಮಳೆಯನ್ನು ಕಿತ್ತುಕೊಳ್ಳಬಲ್ಲದು ಎಂಬುದಕ್ಕೆ ಆ ಬರ ಸಾಕ್ಷಿ.

ಆದರೆ ಮಳೆ ಹೋದರೆ ಬೆಂಕಿ, ಬಂದರೆ ಇಲ್ಲ ಎಂಬ ಸರಳ ಸೂತ್ರವೂ ನಡೆಯುವುದಿಲ್ಲ. 2017ರ ಬೆಂಕಿ ಬಿದ್ದದ್ದು ಬರದ ಬೆನ್ನಿಗೆ. 2019ರ ಕತೆ ಬೇರೆ. 2018ರ ಮುಂಗಾರಿನಲ್ಲಿ ಕಬಿನಿ ತುಂಬಿತು, ಕೊಡಗಿನಲ್ಲಿ ಗುಡ್ಡಗಳೇ ಕುಸಿದವು. ಕಾಡಿನ ಹುಲ್ಲು, ಮೆಳೆ ಸೊಂಪಾಗಿ ಬೆಳೆದವು. ಆಮೇಲೆ ಹಿಂಗಾರು ಕೈಕೊಟ್ಟಿತು. ಬೆಳೆದದ್ದೆಲ್ಲ ನಿಂತಲ್ಲೇ ಒಣಗಿತು. ಒಳ್ಳೆಯ ಮಳೆ ಉರುವಲನ್ನು ಬೆಳೆಸುತ್ತದೆ, ಕೆಟ್ಟ ಮಳೆ ಅದನ್ನು ಒಣಗಿಸುತ್ತದೆ. ಎರಡೂ ಒಂದೇ ವರ್ಷ ಬಂದರೆ ಅರಣ್ಯ ಸಿಬ್ಬಂದಿಗೆ ನಿದ್ದೆಯಿಲ್ಲ.

ಈಗ ತಾಪಮಾನದ ಪಾತ್ರ. ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ವರದಿಯ ಪ್ರಕಾರ 1901ರಿಂದ 2018ರ ನಡುವೆ ಭಾರತದ ಸರಾಸರಿ ತಾಪಮಾನ ಸುಮಾರು 0.7 ಡಿಗ್ರಿ ಏರಿದೆ. 1951ರಿಂದ 2015ರ ನಡುವೆ ಮುಂಗಾರು ಮಳೆ ಸುಮಾರು ನೂರಕ್ಕೆ ಆರು ಭಾಗ ತಗ್ಗಿದೆ, ಎದ್ದು ಕಾಣುವ ಇಳಿಕೆ ಗಂಗಾ ಬಯಲಿನಲ್ಲೂ ಪಶ್ಚಿಮ ಘಟ್ಟದಲ್ಲೂ. ಮುಕ್ಕಾಲು ಡಿಗ್ರಿಯೂ ಇಲ್ಲವಲ್ಲ, ಅದರಲ್ಲೇನು ಎನ್ನಬೇಡಿ. ಒಂದು ಡಿಗ್ರಿ ಬಿಸಿಯೇರಿದ ಗಾಳಿ ನೂರಕ್ಕೆ ಏಳರಷ್ಟು ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಮಳೆಗಾಲದಲ್ಲಿ ಅದು ಸುರಿಮಳೆಯಾಗಿ ಬೀಳುತ್ತದೆ. ಬೇಸಗೆಯಲ್ಲಿ ಹಿಡಿಯಲು ನೀರೇ ಇಲ್ಲದಾಗ ಅದೇ ಗಾಳಿ ಎಲೆಯಿಂದ, ಕಡ್ಡಿಯಿಂದ, ಮಣ್ಣಿನಿಂದ ಪಸೆಯನ್ನು ಹೀರುತ್ತದೆ. ಹುಲ್ಲು ಕೆಲವು ದಿನ ಮೊದಲೇ ಪುರಲೆಯಾಗುತ್ತದೆ. ಇರುಳಿನ ತಂಪು ಕಡಿಮೆಯಾದಷ್ಟೂ ಇಬ್ಬನಿ ಬೇಗ ನಿಲ್ಲುತ್ತದೆ; ಸಂಜೆಗೆ ಕಂದಬೇಕಾದ ಬೆಂಕಿ ರಾತ್ರಿಯಿಡೀ ನಡೆಯುತ್ತದೆ. ಬರ ಅಷ್ಟೇ ಇದ್ದರೂ ಬಿಸಿ ಬರ ತಣ್ಣನೆಯ ಬರಕ್ಕಿಂತ ಹೆಚ್ಚು ಒಣಗಿಸುತ್ತದೆ.

ಬೆಂಗಳೂರಿನ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2016ರ ಏಪ್ರಿಲ್‌ನಲ್ಲಿ ನಗರದಲ್ಲಿ 39.2 ಡಿಗ್ರಿ ದಾಖಲಾಯಿತು, ಅದು ಸಾರ್ವಕಾಲಿಕ ದಾಖಲೆ. 2024ರ ಏಪ್ರಿಲ್‌ನಲ್ಲಿ 38.5. ಅದರ ಹಿಂದಿನ ಮುಂಗಾರಿನಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಲಾಗಿತ್ತು. ಎಲ್ ನಿನೊ ಇತ್ತು, ನಿಜ. ಆದರೆ ಅದು ಬಂದದ್ದು ಮೊದಲೇ ಕಾದಿದ್ದ ಭೂಮಿಯ ಮೇಲೆ.

5. ಪಾಲು ಹಂಚುವ ಲೆಕ್ಕ

ಹಾಗಾದರೆ ಒಂದು ನಿರ್ದಿಷ್ಟ ಬೆಂಕಿಯಲ್ಲಿ ಹವಾಮಾನ ಬದಲಾವಣೆಯ ಪಾಲೆಷ್ಟು ಎಂದು ಹೇಳಬಹುದೇ? ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಇದಕ್ಕೊಂದು ವಿಧಾನ ಬೆಳೆದಿದೆ. ಚೌಕಾಬಾರ ಆಡುವಾಗ ಯಾರೋ ಒಂದು ಕವಡೆಯೊಳಗೆ ಅರಗು ತುಂಬಿದ್ದಾರೆ ಎಂದುಕೊಳ್ಳಿ. ಒಂದು ಸಲ ಎಂಟು ಬಿತ್ತು. ಅದು ಅರಗಿನಿಂದ ಬಿತ್ತೇ ಎಂದು ಕೇಳಿದರೆ ಉತ್ತರವಿಲ್ಲ. ಅರಗಿಲ್ಲದಿದ್ದರೂ ಎಂಟು ಬೀಳಬಹುದಿತ್ತು. ಆದರೆ ಸಾವಿರ ಸಲ ಹಾಕಿ ಎಣಿಸಿದರೆ ಅರಗಿನ ಕೈವಾಡ ಎಷ್ಟೆಂದು ಲೆಕ್ಕ ಸಿಗುತ್ತದೆ. ಹವಾಮಾನ ವಿಜ್ಞಾನಿ ಫ್ರೆಡೆರಿಕ ಆಟೊ ಮತ್ತು ಸಂಗಡಿಗರು ಮಾಡುವುದು ಇದನ್ನೇ. ಈಗಿನ ಭೂಮಿಯನ್ನೂ, ನಾವು ಹೊಗೆ ಬಿಡದಿದ್ದರೆ ಇರಬಹುದಾಗಿದ್ದ ಭೂಮಿಯನ್ನೂ ಕಂಪ್ಯೂಟರಿನಲ್ಲಿ ಸಾವಿರಾರು ಸಲ ಆಡಿಸಿ ನೋಡುತ್ತಾರೆ.

ಫಲಿತಾಂಶ ಊರಿಂದೂರಿಗೆ ಬೇರೆ. ಆಸ್ಟ್ರೇಲಿಯದ 2019–20ರ ಬೆಂಕಿಗೆ ದಾರಿ ಮಾಡಿದ ಹವೆಯ ಸಾಧ್ಯತೆ ಕನಿಷ್ಠ ನೂರಕ್ಕೆ 30ರಷ್ಟು ಹೆಚ್ಚಿತ್ತು. 2023ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಕನಿಷ್ಠ ಎರಡು ಪಟ್ಟು. 2025ರ ಜನವರಿಯ ಲಾಸ್ ಏಂಜಲೀಸ್‌ನಲ್ಲಿ ಸುಮಾರು ನೂರಕ್ಕೆ 35. ಗಮನಿಸಿ, ಇವು ಬೆಂಕಿಯ ಲೆಕ್ಕವಲ್ಲ, ಬೆಂಕಿಗೆ ಹದವಾದ ಹವೆಯ ಲೆಕ್ಕ. ಕಿಡಿಯೂ ಉರುವಲೂ ಇದರ ಹೊರಗಿವೆ.

ಇನ್ನೊಂದು ಸಂಗತಿ ಅವಸರದವರನ್ನು ತಡೆದು ನಿಲ್ಲಿಸುತ್ತದೆ. 1998ರಿಂದ 2015ರವರೆಗೆ ಜಗತ್ತಿನಲ್ಲಿ ಒಟ್ಟು ಸುಟ್ಟ ನೆಲ ಸುಮಾರು ಕಾಲುಭಾಗ ಕಡಿಮೆಯಾಯಿತು! ಆಫ್ರಿಕದ ಹುಲ್ಲುಗಾವಲು ಉಳುಮೆಗೆ ಹೋದದ್ದು, ದನ ಮೇದದ್ದು ಅದಕ್ಕೆ ಮುಖ್ಯ ಕಾರಣ. ಭೂಮಿ ಬಿಸಿಯಾಗುತ್ತಿದ್ದ ಅದೇ ಕಾಲದಲ್ಲಿ ಉರುವಲು ತಗ್ಗಿದಲ್ಲಿ ಬೆಂಕಿಯೂ ತಗ್ಗಿತು. ಅಮೆರಿಕದ ಪಶ್ಚಿಮದ ಕಾಡುಗಳಲ್ಲಾದರೋ 1984ರ ಈಚೆಗೆ ಸುಟ್ಟ ನೆಲ, ತಾಪಮಾನ ಏರದಿದ್ದರೆ ಸುಡಬಹುದಾಗಿದ್ದಕ್ಕಿಂತ ಸುಮಾರು ಎರಡು ಪಟ್ಟು ಎಂಬ ಲೆಕ್ಕವಿದೆ. ಎರಡೂ ನಿಜ. ಇಡೀ ಲೋಕಕ್ಕೆ ಒಂದೇ ಉತ್ತರ ಕೇಳುವವರು ತಮಗೆ ಬೇಕಾದದ್ದನ್ನು ಎತ್ತಿಕೊಂಡು ವಾದ ಮಾಡುತ್ತಾರೆ.

ನಮ್ಮ ಕಾಡಿನ ಮಟ್ಟಿಗೆ ನನ್ನ ತೀರ್ಮಾನ ಇದು. ಕಿಡಿ ಪೂರ್ತಿ ಮನುಷ್ಯನದು. ಉರುವಲಿನಲ್ಲಿ ದೊಡ್ಡ ಪಾಲು ನಾವು ತಂದ ಗಿಡದ್ದು, ನಾವು ಮಾಡಿದ ಕಾನೂನಿನದು. ಯಾವ ವರ್ಷ ಉರಿಯಬೇಕೆಂಬುದನ್ನು ಹೆಚ್ಚಾಗಿ ಆ ವರ್ಷದ ಮಳೆ ನಿಶ್ಚಯಿಸುತ್ತದೆ. ಉರಿದಾಗ ಎಷ್ಟು ಬೇಗ, ಎಷ್ಟು ಹೊತ್ತು, ಎಷ್ಟು ಬಿರುಸಾಗಿ ಉರಿಯಬೇಕೆಂಬುದರಲ್ಲಿ ಏರುತ್ತಿರುವ ತಾಪಕ್ಕೆ ಪಾಲಿದೆ. ಮೊದಲ ಮೂರು ಹೆಚ್ಚುಕಡಿಮೆಯಾಗುತ್ತ ಇರಬಹುದು; ನಾಲ್ಕನೆಯದು ಮಾತ್ರ ದಶಕದಿಂದ ದಶಕಕ್ಕೆ ಒಂದೇ ದಿಕ್ಕಿಗೆ ಬೆಳೆಯುತ್ತದೆ. ಹಿಂದೆ ಮಾಡಿ ಪಾರಾಗುತ್ತಿದ್ದ ತಪ್ಪಿನಿಂದ ಮುಂದೆ ಪಾರಾಗಲು ಅದು ಬಿಡುವುದಿಲ್ಲ.

6. ಪಾಲಿಗೆ ಬಂದ ಕೆಲಸ

ಪಾಲು ಹಂಚಿದ್ದು ಬೈಯುವುದಕ್ಕಲ್ಲ, ಕೆಲಸ ಹಂಚುವುದಕ್ಕೆ. ಇಂಗಾಲದ ಹೊಗೆ ಇಳಿಸುವುದು ದೊಡ್ಡ ಜಗಳ, ಅದು ದೆಹಲಿಯಲ್ಲಿ, ವಿಶ್ವಸಂಸ್ಥೆಯ ಸಭೆಗಳಲ್ಲಿ ನಡೆಯಲಿ, ನಡೆಯಲೇಬೇಕು. ಅದು ಮುಗಿಯುವವರೆಗೆ ಬೆಂಕಿ ರೇಖೆಯ, ಅಂದರೆ ಬೆಂಕಿ ದಾಟದಂತೆ ತೆರಪು ಬಿಡುವ, ಕೆಲಸ ಕಾಯುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಕಾಡಿನ ದಾರಿಗಳ ಅಕ್ಕಪಕ್ಕ ಹುಲ್ಲು ಸವರಿ, ಹದವಾಗಿ ಸುಟ್ಟು ತೆರಪು ಮಾಡಬೇಕು. ಆ ಕೆಲಸಕ್ಕೆ ಕಾಡಂಚಿನವರನ್ನೇ ಫೈರ್ ವಾಚರ್‌ಗಳಾಗಿ ಹಿಡಿಯಬೇಕು, ಕೂಲಿ ತಡಮಾಡದೆ ಕೊಡಬೇಕು. ಡೆಹರಾಡೂನಿನ ಅರಣ್ಯ ಸರ್ವೇಕ್ಷಣ ಸಂಸ್ಥೆ ಉಪಗ್ರಹದಿಂದ ಬೆಂಕಿಯ ಜಾಗ ಗುರುತಿಸಿ ಸಂದೇಶ ಕಳುಹಿಸುತ್ತದೆ. ನಮ್ಮ ಯಲಹಂಕದಲ್ಲೇ ಇರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟಕ್ಕೆ ಮುಟ್ಟಿವೆ. ಹಿಂಗಾರು ಎಲ್ಲಿ ಕೈಕೊಟ್ಟಿತೆಂದು ಡಿಸೆಂಬರಿಗೇ ಗೊತ್ತಿರುವಾಗ, ಬ್ಲೋವರ್, ಜೀಪು, ಜನ ಎಲ್ಲಿಗೆ ಬೇಕೆಂಬುದನ್ನು ಫೆಬ್ರವರಿಯ ಹೊಗೆ ಕಂಡ ಮೇಲೆ ಯೋಚಿಸುವುದು ಸಲ್ಲ. 2011ರಲ್ಲಿ ಬಿಳಿಗಿರಿಯ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹಕ್ಕಿನ ಜೊತೆಗೆ ಬೆಂಕಿಯ ಬಗ್ಗೆ ಅವರಿಗಿರುವ ತಿಳಿವಳಿಕೆಗೂ ಸಭೆಯಲ್ಲಿ ಕುರ್ಚಿ ಸಿಗಬೇಕು.

ಚಿಕ್ಕಜಾಲದವರ ಪಾಲಿಗೂ ಕೆಲಸವಿದೆ. ವಿಮಾನ ನಿಲ್ದಾಣದ ರಸ್ತೆಯ ಎರಡೂ ಬದಿ ಲೇಔಟ್‌ಗಳಾಗಿ, ಮನೆ ಏಳದ ಸೈಟುಗಳಲ್ಲಿ ಆಳುದ್ದ ಹುಲ್ಲು ನಿಂತಿದೆ. ಅದರ ಪಕ್ಕದಲ್ಲೇ ಕಸ ಸುಡುತ್ತೇವೆ. ಸೈಟಿನ ಒಡೆಯರು ಸಂಕ್ರಾಂತಿಯೊಳಗೆ ಹುಲ್ಲು ಕೊಯ್ಯಿಸಲಿ, ಪಂಚಾಯಿತಿ ಅದನ್ನು ಕೇಳಿ ಮಾಡಿಸಲಿ. ಕೊಯ್ದ ಹುಲ್ಲಿಗೆ ಇನ್ನೂ ದನ ಕಟ್ಟಿರುವ ಮನೆಗಳಿವೆ. ವಾರದ ಕೊನೆಗೆ ಸ್ಕಂದಗಿರಿ, ನಂದಿಯ ಕಡೆ ಬೈಕು ಹತ್ತುವ ಹುಡುಗರಿಗೆ ಒಂದು ಮಾತು. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದ ಇಪ್ಪತ್ತಕ್ಕೂ ಹೆಚ್ಚು ಜನ ಹುಲ್ಲಿನ ಬೆಂಕಿಗೆ ಸಿಕ್ಕಿ ಸತ್ತರು. ಒಣ ಬೆಟ್ಟದ ಮೇಲೆ ಕ್ಯಾಂಪ್ ಫೈರ್ ಬೇಡ, ಸಿಗರೇಟೂ ಬೇಡ. ಗುಡ್ಡವೇರುವ ಬೆಂಕಿ ಓಡುವ ಮನುಷ್ಯನಿಗಿಂತ ವೇಗವಾಗಿ ಬರಬಲ್ಲದು.

ಕಾಡ್ಗಿಚ್ಚು ಹವಾಮಾನ ಬದಲಾವಣೆಯದೋ ಪ್ರಕೃತಿಯದೋ ಎಂದು ಯಾರಾದರೂ ಕೇಳಿದರೆ, ಯಾವ ಕಾಡು, ಯಾವ ವರ್ಷ, ಹಚ್ಚಿದ್ದು ಯಾರು, ಅಲ್ಲಿ ಏನು ಬೆಳೆದಿತ್ತು ಎಂದು ತಿರುಗಿ ಕೇಳಿ. ಅದಕ್ಕೆ ಉತ್ತರ ಕೊಡಲು ತಯಾರಿಲ್ಲದವರು ಯಾವ ಪಕ್ಷದವರಾದರೂ ಬೆಂಕಿ ಆರಿಸುವ ಕೆಲಸಕ್ಕೆ ಬರುವವರಲ್ಲ. ಮಳೆಯನ್ನು ನಾವು ಆಳಲಾರೆವು, ತಾಪವನ್ನು ಒಬ್ಬೊಬ್ಬರೇ ಇಳಿಸಲಾರೆವು. ಕಿಡಿ ಮತ್ತು ಉರುವಲು ನಮ್ಮ ಕೈಯಲ್ಲಿವೆ; ತಾಪ ಏರಿದಷ್ಟೂ ಆ ಎರಡರ ಹೊಣೆ ಹಗುರಾಗುವುದಿಲ್ಲ, ಭಾರವಾಗುತ್ತದೆ.